ಸಂಜೆ ಓದಿನ ಕಾರ್ಯಕ್ರಮಕ್ಕೆ ‘ಅಳೆಯುವಂಥ ಫಲಿತಾಂಶ’ ಬರೆದುಕೊಡಿ ಅಂದಿದ್ದಾರೆ. ಏನಂತ ಬರೆಯೋದು?

ಹೊಂಗೆನೆರಳು
ಎಲ್ಲರಿಗೂ ನಮಸ್ಕಾರ. ನಾವು ಐದು ಜನ ಸೇರಿ ನಮ್ಮೂರಿನ ಅರಿವು ಕೇಂದ್ರದಲ್ಲಿ (ಪಂಚಾಯಿತಿ ಲೈಬ್ರರಿ) ಸಂಜೆ 5.30ರಿಂದ 7ರವರೆಗೆ ಮಕ್ಕಳಿಗೆ ಓದಿಸುತ್ತೇವೆ. 3ರಿಂದ 7ನೇ ಕ್ಲಾಸಿನವರು. ಹಾಜರಿ ಪುಸ್ತಕದಲ್ಲಿ 42 ಹೆಸರು ಇವೆ. ಎರಡು ವರ್ಷದಿಂದ ಕೈಯಿಂದಲೇ ಖರ್ಚು ಹಾಕಿ ನಡೆಸಿದ್ದೇವೆ. ಈಗ ಒಂದು ಕಂಪನಿಯಿಂದ ಸಿಎಸ್‌ಆರ್ ಹಣ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣ, ಸಿಗುವ ಹಾಗಿದೆ. ಪುಸ್ತಕ, ಚಾಪೆ, ಓದಿಸುವ ಹುಡುಗಿಗೆ ಒಂದಿಷ್ಟು ಗೌರವಧನ, ಅಷ್ಟೇ ನಮ್ಮ ಬೇಡಿಕೆ.

ಅವರು ಒಂದು ಫಾರಂ ಕಳಿಸಿದ್ದಾರೆ. ‘ಚಟುವಟಿಕೆ’ ಕಾಲಂ ತುಂಬಿದೆ. ‘ಔಟ್‌ಪುಟ್’ ಕಾಲಂನಲ್ಲಿ ವಾರಕ್ಕೆ 5 ದಿನ, 42 ಮಕ್ಕಳು, 300 ಪುಸ್ತಕ ಅಂತ ಬರೆದೆ. ಪಕ್ಕದಲ್ಲೇ ‘ಔಟ್‌ಕಮ್’ ಅಂತ ಇನ್ನೊಂದು ಕಾಲಂ ಇದೆ. ಅಲ್ಲಿ ‘ಮಕ್ಕಳಲ್ಲಿ ಓದುವ ಆಸಕ್ತಿ ಹೆಚ್ಚುತ್ತದೆ’ ಎಂದು ಬರೆದು ಕಳಿಸಿದೆ. ‘ಎಷ್ಟರಿಂದ ಎಷ್ಟಕ್ಕೆ? ಯಾವಾಗ? ಗೊತ್ತಾಗೋದು ಹೇಗೆ?’ ಅಂತ ಪ್ರಶ್ನೆ ಹಾಕಿ ವಾಪಸ್ ಕಳಿಸಿದ್ದಾರೆ. ಮೂರು ದಿನದಿಂದ ಅದನ್ನೇ ನೋಡಿಕೊಂಡು ಕೂತಿದ್ದೇನೆ. ಇಂಥ ಕೆಲಸ ಮಾಡಿದವರು ದಯವಿಟ್ಟು ದಾರಿ ಹೇಳಿ.

ಕಟ್ಟೆಮಾತು
‘ಶೇ. 80 ಮಕ್ಕಳ ಓದು ಸುಧಾರಿಸುತ್ತದೆ’ ಅಂತ ಬರೆದು ಕಳಿಸಿಬಿಡಿ. ಎಲ್ಲರೂ ಬರೆಯೋದು ಅದನ್ನೇ.

ಲೆಕ್ಕದಮೇಷ್ಟ್ರು
ದಯವಿಟ್ಟು ಹಾಗೆ ಮಾಡಬೇಡಿ. ಶೇ. 80 ಅಂತ ಬರೆದರೆ ವರ್ಷದ ಕೊನೆಗೆ ಆ 80 ಎಲ್ಲಿಂದಾದರೂ ಬರಲೇಬೇಕು. ಆಗ ಕೈ ತಾನಾಗಿ ಸುಳ್ಳು ಬರೆಯುತ್ತದೆ. ಒಳ್ಳೆಯ ಮನಸ್ಸಿನವರೇ ಹೀಗೆ ಮಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಹೊಂಗೆನೆರಳು ಅವರೇ, ನೀವು ಬರೆದ 42 ಮಕ್ಕಳು, 300 ಪುಸ್ತಕ, ಇವೆಲ್ಲ ನೀವು ಮಾಡುವ ಕೆಲಸದ ಲೆಕ್ಕ. ನೀವು ಕೊಟ್ಟಿದ್ದು. ಔಟ್‌ಕಮ್ ಅಂದರೆ ಅದರಿಂದ ಆ ಕಡೆಯವರಲ್ಲಿ ಏನು ಬದಲಾಯಿತು ಅನ್ನೋದು. ಊಟ ಬಡಿಸಿದ್ದು ಔಟ್‌ಪುಟ್, ಹೊಟ್ಟೆ ತುಂಬಿದ್ದು ಔಟ್‌ಕಮ್. ಎಷ್ಟು ಎಲೆ ಹಾಕಿದೆವು ಅಂತ ಎಣಿಸಿದರೆ ಎಷ್ಟು ಜನ ಉಂಡು ಎದ್ದರು ಅಂತ ಗೊತ್ತಾಗಲ್ಲ. ಅಲ್ವಾ?

ಗದ್ದೆಬದು
ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ನಿಜ. 2014ರ ಅಕ್ಟೋಬರ್ 2ಕ್ಕೆ ಸ್ವಚ್ಛ ಭಾರತ ಶುರುವಾಯಿತು. ಮನೆಗೆ 12 ಸಾವಿರ ರೂಪಾಯಿ ಪ್ರೋತ್ಸಾಹಧನ. ನಮ್ಮ ಕಡೆ ಶೌಚಾಲಯ ಕಟ್ಟಿದ್ದಕ್ಕೆ ಫೋಟೊ ತೆಗೆದು ಹಾಕುತ್ತಿದ್ದರು. ನಾನು ಆಗ ಸರ್ವೆಗೆ ಹೋಗುತ್ತಿದ್ದೆ. ಒಂದು ಮನೆಯಲ್ಲಿ ಬಾಗಿಲು ತೆಗೆದೆ. ಒಳಗೆ ಸೀಮೆಹಸುವಿನ ಹಿಂಡಿ ಮೂಟೆ, ಮೇಲೆ ಸೌದೆ. ಗುಂಡಿ ಮೇಲೆ ಹಲಗೆ ಮುಚ್ಚಿದ್ದರು. ‘ಯಾಕಮ್ಮ?’ ಅಂದೆ. ‘ನೀರು ಎಲ್ಲಿಂದ ತರಲಪ್ಪ? ಕುಡಿಯೋಕೇ ಎರಡು ಕೊಡ’ ಅಂದರು. ನಮ್ಮ ಫಾರಂನಲ್ಲಿ ‘ಇದೆ / ಇಲ್ಲ’ ಅಂತ ಎರಡೇ ಚೌಕ. ‘ಇದೆ’ಗೆ ಟಿಕ್ ಹಾಕಿ ಬಂದೆ. ‘ನಿನ್ನೆ ಯಾರು ಯಾರು ಬಳಸಿದರು?’ ಅಂತ ಒಂದು ಪ್ರಶ್ನೆ ಇದ್ದಿದ್ದರೆ ನೀರಿನ ಸಮಸ್ಯೆ ಆವತ್ತೇ ಮೇಲೆ ಬರುತ್ತಿತ್ತು.

ತೊಟ್ಟಿಮನೆ
ಒಂದು ಮನೆ ನೋಡಿ ಇಡೀ ಯೋಜನೆಗೆ ಹೇಳಬೇಡಿ. ಕಟ್ಟಿದ್ದನ್ನು ಎಣಿಸಿದ್ದರಿಂದಲೇ ನಮ್ಮೂರಲ್ಲಿ ಕಟ್ಟಿದರು. ನಮ್ಮ ಅತ್ತೆ 60 ವರ್ಷ ಕತ್ತಲಾಗುವುದನ್ನೇ ಕಾಯುತ್ತಿದ್ದರು. ಈಗ ಕಾಯಬೇಕಿಲ್ಲ. ಎಣಿಕೆ ಬೇಡ ಅನ್ನೋರು ಇದನ್ನೂ ನೆನಪಿಡಬೇಕು.

ಗದ್ದೆಬದು
@ತೊಟ್ಟಿಮನೆ ಎಣಿಕೆ ಬೇಡ ಅಂದಿಲ್ಲ ಅಕ್ಕ. ಎಣಿಕೆ ಅಲ್ಲಿಗೇ ನಿಲ್ಲಬಾರದು ಅಂದೆ. ನಿಮ್ಮ ಅತ್ತೆ ಕತ್ತಲಿಗೆ ಕಾಯಬೇಕಿಲ್ಲ ಅನ್ನೋದೇ ನಿಜವಾದ ಫಲಿತಾಂಶ. ಯಾವ ಫಾರಂನಲ್ಲೂ ಅದಕ್ಕೆ ಜಾಗ ಇರಲಿಲ್ಲ.

ತೊಟ್ಟಿಮನೆ
ಅದು ಸರಿ. ಒಪ್ಪಿದೆ.

ಬೆಲ್ಲದಚ್ಚು
ನಾನು ಅಂಗನವಾಡಿ ಕಾರ್ಯಕರ್ತೆ, ಮೈಸೂರು ಜಿಲ್ಲೆ. ನಮ್ಮ ರಾಜ್ಯದಲ್ಲಿ ಐಸಿಡಿಎಸ್ (ಅಂಗನವಾಡಿ ನಡೆಸುವ ಯೋಜನೆ) ಮೊದಲು ಶುರುವಾಗಿದ್ದೇ ನಮ್ಮ ಟಿ. ನರಸೀಪುರದಲ್ಲಿ, 1975ರಲ್ಲಿ. ಹಾಗಾಗಿ ಅಳತೆ ಅನ್ನೋದು ನಮಗೆ ಹೊಸದಲ್ಲ. ಮಗುವಿನ ತೂಕ, ಎತ್ತರ, ತೋಳಿನ ಸುತ್ತಳತೆ ಎಲ್ಲ ಅಳೆಯುತ್ತೇವೆ. ತೋಳಿನ ಪಟ್ಟಿಯಲ್ಲಿ 11.5 ಸೆಂಟಿಮೀಟರಿಗಿಂತ ಕಮ್ಮಿ ಬಂದರೆ ಕೆಂಪು. ತೀವ್ರ ಅಪೌಷ್ಟಿಕತೆ ಅಂತ ಅರ್ಥ. ಆ ಪಟ್ಟಿ ಓದೋಕೆ ಡಾಕ್ಟರೇ ಬೇಕಿಲ್ಲ. ತಾಯಿಗೂ ಬಣ್ಣ ಕಾಣುತ್ತದೆ. ‘ಮೇಡಂ, ಹೋದ ತಿಂಗಳು ಹಳದಿ ಇತ್ತಲ್ಲ, ಈಗ ಹಸಿರು ಬಂತು’ ಅಂತ ಅವರೇ ಹೇಳುತ್ತಾರೆ. ನನ್ನ ಪ್ರಕಾರ ಒಳ್ಳೆಯ ಅಳತೆ ಅಂದರೆ ಇದು. ಯಾರ ಬಗ್ಗೆ ಅಳೆಯುತ್ತೀರೋ ಅವರಿಗೇ ಅರ್ಥ ಆಗಬೇಕು.

ಇನ್ನೊಂದು ಮಾತು. ನಿಮ್ಮ ಅಳತೆ ಯಾರು ಬರೆಯುತ್ತಾರೆ ಅಂತ ಮೊದಲೇ ಯೋಚಿಸಿ. ಹಿಂದೆ ನಮಗೆ 11 ರಿಜಿಸ್ಟರ್ ಇದ್ದವು. ಈಗ ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್. ನೆಟ್‌ವರ್ಕ್ ಇಲ್ಲದ ದಿನ ಮಗುವನ್ನು ಪಕ್ಕಕ್ಕೆ ಕೂರಿಸಿ ಫೋನ್ ಹಿಡಿದು ಹೊರಗೆ ನಿಂತಿದ್ದೇನೆ. ತುಂಬ ಬೇಜಾರಾಗುತ್ತದೆ. ನಿಮ್ಮ ಹುಡುಗಿಗೆ ಓದಿಸೋಕೆ ಒಂದೂವರೆ ಗಂಟೆ ಇದೆ. ಅದರಲ್ಲಿ ಅರ್ಧ ಗಂಟೆ ಬರೆಯೋಕೇ ಹೋದರೆ ಮಕ್ಕಳಿಗೆ ನಷ್ಟ.

ಹೊಂಗೆನೆರಳು
ಬೆಲ್ಲದಚ್ಚು ಅಕ್ಕ, ಬಣ್ಣದ ಪಟ್ಟಿ ಕೇಳಿ ತಲೆಯಲ್ಲಿ ದೀಪ ಹತ್ತಿದ ಹಾಗಾಯಿತು. ಓದಿಗೂ ಅಂಥ ಪಟ್ಟಿ ಇದೆಯಾ?

ಲೆಕ್ಕದಮೇಷ್ಟ್ರು
ಇದೆ. ‘ಪ್ರಥಮ್’ ಸಂಸ್ಥೆ 2005ರಿಂದ ‘ಅಸರ್’ ಸಮೀಕ್ಷೆ ಮಾಡಿಸುತ್ತಾ ಬಂದಿದೆ. ಒಂದು ಹಾಳೆ, ಅದರಲ್ಲಿ ನಾಲ್ಕು ಹಂತ. ಅಕ್ಷರ, ಪದ, 1ನೇ ಕ್ಲಾಸಿನ ಮಟ್ಟದ ಪುಟ್ಟ ಪ್ಯಾರಾ, 2ನೇ ಕ್ಲಾಸಿನ ಮಟ್ಟದ ಕಥೆ. ಒಂದು ಮಗುವನ್ನು ಪಕ್ಕಕ್ಕೆ ಕೂರಿಸಿ ಓದಿಸಬೇಕು. ಯಾವ ಹಂತ ಸಲೀಸಾಗಿ ಓದುತ್ತದೋ ಅದೇ ಆ ಮಗುವಿನ ಹಂತ. ಹತ್ತು ನಿಮಿಷ ಕೂಡ ಬೇಡ. ಕನ್ನಡದಲ್ಲೂ ಇದೆ.

ಅವರು ಶಾಲೆಗೆ ಹೋಗದೆ ಮನೆಗಳಿಗೆ ಹೋಗುತ್ತಾರೆ. ಶಾಲೆಯಲ್ಲಿ ಅಳೆದರೆ ಆವತ್ತು ಬಾರದ ಮಗು, ಶಾಲೆ ಬಿಟ್ಟ ಮಗು ಲೆಕ್ಕಕ್ಕೇ ಸಿಗಲ್ಲ. ನಿಮಗೂ ಇದೇ ಮಾತು. ಚೆನ್ನಾಗಿ ಬರುವ 25 ಮಕ್ಕಳನ್ನು ಮಾತ್ರ ಅಳೆದರೆ ಫಲಿತಾಂಶ ಚೆಂದ ಕಾಣುತ್ತದೆ. ಬರೋದು ಬಿಟ್ಟವರ ಮನೆಗೂ ಹೋಗಿ.

ಮುಖ್ಯವಾದ ವಿಷಯ, ಹಣ ಬರುವ ಮೊದಲೇ ಒಂದು ಸಲ ಅಳೆಯಿರಿ. ಅದು ಬೇಸ್‌ಲೈನ್. ಎಷ್ಟರಿಂದ ಅಂತ ಗೊತ್ತಿಲ್ಲದೆ ಎಷ್ಟಕ್ಕೆ ಅಂತ ಹೇಳೋಕಾಗಲ್ಲ. ಮತ್ತೆ 42 ಮಕ್ಕಳಿಗೆ ಶೇಕಡಾ ಬಳಸಬೇಡಿ. ಒಂದು ಮಗು ಆಚೆ ಈಚೆ ಆದರೂ ಶೇ. 2ಕ್ಕಿಂತ ಜಾಸ್ತಿ ಏರುಪೇರು ಆಗುತ್ತದೆ. ‘15 ಮಕ್ಕಳಲ್ಲಿ 10 ಮಕ್ಕಳು’ ಅಂತ ತಲೆ ಲೆಕ್ಕದಲ್ಲೇ ಬರೆಯಿರಿ.

ಚುಕ್ಕಿರಂಗೋಲಿ
ಒಂದು ಎಚ್ಚರಿಕೆ. ನಾವೂ ಇಂಥದ್ದೇ ಕಾರ್ಡ್ ಇಟ್ಟುಕೊಂಡಿದ್ದೆವು. ಒಂದೇ ಕಾರ್ಡ್, ವರ್ಷಕ್ಕೆ ಮೂರು ಸಲ. ಕೊನೆಯ ಸಲ 4ನೇ ಕ್ಲಾಸಿನ ಹುಡುಗ ಬಂದು ಕೂತ. ಕಥೆ ಗಡಗಡ ಓದಿದ. ತುಂಬ ಖುಷಿ ಆಯಿತು. ಓದುತ್ತಾ ಓದುತ್ತಾ ಅವನು ಕಿಟಕಿ ಕಡೆ ತಿರುಗಿದ. ಹೊರಗೆ ಐಸ್‌ಕ್ಯಾಂಡಿ ಗಾಡಿ ಬಂದಿತ್ತು. ಕಣ್ಣು ಗಾಡಿ ಮೇಲೆ, ಬಾಯಲ್ಲಿ ಕಥೆ ಮುಂದುವರಿಯುತ್ತಲೇ ಇತ್ತು! ಕಾರ್ಡಿನ ಮೂರನೇ ಸಾಲಿನ ‘ಚಿಕ್ಕಪ್ಪ’ ಅನ್ನೋ ಪದದ ಮೇಲೆ ಬೆರಳಿಟ್ಟು ‘ಇದೇನು?’ ಅಂದೆ. ಅವನಿಗೆ ಗೊತ್ತಾಗಲಿಲ್ಲ. ಒತ್ತಕ್ಷರ ಇರುವ ಒಂದು ಪದವನ್ನೂ ಬಿಡಿಯಾಗಿ ಓದೋಕೆ ಆಗಲಿಲ್ಲ.

ನಮ್ಮ ಕಾರ್ಯಕರ್ತರು ಮೋಸ ಮಾಡಿರಲಿಲ್ಲ. ಮಕ್ಕಳು ಪಾಸಾಗಲಿ ಅಂತ ಪ್ರೀತಿಯಿಂದ ಅದೇ ಕಾರ್ಡನ್ನು ದಿನಾ ಓದಿಸಿದ್ದರು. ಆ ಮಗುವಿನ ಒಂದು ವರ್ಷ ಹೋಯಿತಲ್ಲ ಅಂತ ಈಗಲೂ ಸಂಕಟ ಆಗುತ್ತದೆ. ಆಮೇಲೆ ನಾವು ನಾಲ್ಕು ಬೇರೆ ಬೇರೆ ಕಾರ್ಡ್ ಮಾಡಿಕೊಂಡೆವು. ಓದಿಸುವವರು ಒಬ್ಬರು, ಅಳೆಯುವವರು ಇನ್ನೊಬ್ಬರು. ಕಾರ್ಡ್ ಅಳೆಯುವವರ ಹತ್ತಿರವೇ ಇರುತ್ತದೆ.

ಸುಗ್ಗಿಕಾಲ
ಚುಕ್ಕಿರಂಗೋಲಿ ಹೇಳಿದ ಒತ್ತಕ್ಷರದ ವಿಷಯ ಬಹಳ ಮುಖ್ಯ. ನಾನು 31 ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು. ಕನ್ನಡ ಮಗು ಎಡವುವುದೇ ಅಲ್ಲಿ. ‘ಅಮ್ಮ’ ಓದುತ್ತದೆ, ‘ಅಕ್ಕ’ ಓದುತ್ತದೆ. ಮನೆಯ ಮಾತು, ಆಕಾರ ನೋಡಿಯೇ ಹೇಳಿಬಿಡುತ್ತದೆ. ‘ರಾತ್ರಿ’, ‘ಹಬ್ಬ’, ‘ಕಷ್ಟ’ ಬಂದಾಗ ನಿಲ್ಲುತ್ತದೆ. ಪದದ ಹಂತವನ್ನು ಎರಡು ಮಾಡಿ. ಒತ್ತಿಲ್ಲದ ಪದ, ಒತ್ತಿರುವ ಪದ. ಆಗ ಅಳತೆಯಿಂದಲೇ ನಾಳೆ ಏನು ಕಲಿಸಬೇಕು ಅಂತ ಗೊತ್ತಾಗುತ್ತದೆ.

ಸರ್ಕಾರಿ ಶಾಲೆಗಳ ‘ನಲಿ ಕಲಿ’ ಪದ್ಧತಿ ನೆನಪಿದೆಯಾ? 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಯಿತು. ಅದರಲ್ಲಿ ಕಲಿಕೆಯ ಏಣಿ ಅಂತ ಇತ್ತು. ಪ್ರತಿ ಮಗುವೂ ತಾನು ಯಾವ ಮೆಟ್ಟಿಲಲ್ಲಿ ಇದ್ದೇನೆ ಅಂತ ತಾನೇ ಹೇಳುತ್ತಿತ್ತು. ಯಾರು ಫಸ್ಟ್, ಯಾರು ಲಾಸ್ಟ್ ಅಂತ ಇರಲಿಲ್ಲ. ತನ್ನ ಮೆಟ್ಟಿಲಿನಿಂದ ಮುಂದಿನ ಮೆಟ್ಟಿಲಿಗೆ ಹೋಗೋದಷ್ಟೇ. ನಿಮ್ಮ ಫಾರಂಗೂ ಅದೇ ದಾರಿ. ‘ಎಲ್ಲರೂ ಕಥೆ ಓದುತ್ತಾರೆ’ ಅಂತ ಬರೆಯಬೇಡಿ. ‘ಪ್ರತಿ ಮಗು ಕನಿಷ್ಠ ಒಂದು ಮೆಟ್ಟಿಲು ಏರುತ್ತದೆ’ ಅಂತ ಬರೆಯಿರಿ. ಇಲ್ಲದಿದ್ದರೆ ಗುರಿ ಮುಟ್ಟಲು ಹತ್ತಿರ ಇರುವ ಮಕ್ಕಳ ಕಡೆಗೇ ಗಮನ ಹೋಗಿ, ಅಕ್ಷರ ಬಾರದ ಮಗು ಮೂಲೆಯಲ್ಲೇ ಉಳಿಯುತ್ತದೆ.

ನೇರಳೆಮರ
ಕ್ಷಮಿಸಿ, ನನಗೆ ಈ ಚರ್ಚೆಯೇ ಸರಿ ಕಾಣುತ್ತಿಲ್ಲ. ಮಕ್ಕಳು ಸಂಜೆ ಹೊತ್ತು ಖುಷಿಯಿಂದ ಬಂದು ಪುಸ್ತಕ ಹಿಡಿಯುವ ಒಂದು ಜಾಗ ಅದು. ಅಲ್ಲೂ ಪರೀಕ್ಷೆ ತರಬೇಕಾ? ಶಾಲೆಯಲ್ಲಿ ಆಗೋದು ಸಾಲದಾ? ನಾನು ಓದೋದು ಕಲಿತಿದ್ದು ನಮ್ಮೂರಿನ ಲೈಬ್ರರಿಯಲ್ಲಿ. ಯಾರೂ ನನ್ನನ್ನು ಅಳೆದಿರಲಿಲ್ಲ. ಸುಮ್ನೆ ಓದಲಿ ಬಿಡಿ. ಹಣ ಕೊಡುವವರಿಗೆ ನಂಬಿಕೆ ಇಲ್ಲದಿದ್ದರೆ ಆ ಹಣವೇ ಬೇಡ.

ಕಟ್ಟೆಮಾತು
ಹಣ ಬೇಡ ಅನ್ನೋದು ಸುಲಭ. ಆ ಹುಡುಗಿಗೆ ಎರಡು ವರ್ಷದಿಂದ ಸಂಬಳ ಇಲ್ಲ.

ಲೆಕ್ಕದಮೇಷ್ಟ್ರು
@ನೇರಳೆಮರ ನಿಮ್ಮ ಕಾಳಜಿ ಅರ್ಥ ಆಗುತ್ತದೆ. ಆದರೆ ಲೈಬ್ರರಿಗೆ ಹೋಗಿ ಓದಲು ಕಲಿತವರು ಇಲ್ಲಿ ಬಂದು ಬರೆಯುತ್ತೀರಿ. ಹೋಗಿ ಕೂತು ಚಿತ್ರ ನೋಡಿ ವಾಪಸ್ ಬಂದವರು ಬರೆಯಲ್ಲ. ಅವರು ಯಾರು, ಎಷ್ಟು ಜನ ಅಂತ ನಮಗೆ ಗೊತ್ತಾಗೋದು ಹೇಗೆ?

ನೇರಳೆಮರ
ಅದಕ್ಕೆ ಉತ್ತರ ನನ್ನ ಹತ್ತಿರ ಇಲ್ಲ. ಆದರೂ ಮಗುವಿನ ಖುಷಿಗೆ ಒಂದು ಜಾಗ ಇಡಿ. ಬರೀ ಮೆಟ್ಟಿಲು ಎಣಿಸಿದರೆ ಓದಿಸುವವರೂ ಮೆಟ್ಟಿಲನ್ನೇ ನೋಡುತ್ತಾರೆ. ಐಸ್‌ಕ್ಯಾಂಡಿ ಹುಡುಗನ ಕಥೆ ಅದೇ ಅಲ್ವಾ?

ಚುಕ್ಕಿರಂಗೋಲಿ
ಹೌದು, ಅದೇ.

ಪುಸ್ತಕದಹುಳ
ಖುಷಿಗೂ ಒಂದು ಗುರುತು ಇದೆ. ಯಾವ ಪುಸ್ತಕ ಸವೆದಿದೆ ಅಂತ ನೋಡಿ. ನಮ್ಮ ಲೈಬ್ರರಿಯಲ್ಲಿ ಚಿತ್ರಕಥೆ ಪುಸ್ತಕಗಳ ಮೂಲೆ ಮಡಚಿ, ಬೆನ್ನು ಬಿಟ್ಟು, ಮೇಲೆ ಎಣ್ಣೆ ಬೆರಳಿನ ಗುರುತು. ಮೇಲಿನ ಕಪಾಟಿನ ದಪ್ಪ ಪುಸ್ತಕಗಳು ಹೊಸದರ ಹಾಗೇ ಇವೆ. ಮನೆಗೆ ಒಯ್ಯುವ ಪುಸ್ತಕದ ವಹಿ ಇಟ್ಟರೆ ಇನ್ನೂ ಒಳ್ಳೆಯದು. ಯಾರೂ ಹೇಳದೆ ಮಗು ತಾನೇ ಆರಿಸಿ ಒಯ್ಯುವುದು ಖುಷಿಯ ಲೆಕ್ಕವೇ.

ಅಂದಹಾಗೆ, ಅರಿವು ಕೇಂದ್ರದಲ್ಲಿ ಮಕ್ಕಳ ಹೆಸರು ನೋಂದಾಯಿಸಿದ್ದೀರಾ? 2019ರಲ್ಲಿ ಪಂಚಾಯಿತಿ ಲೈಬ್ರರಿಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 2020ರ ಮಕ್ಕಳ ದಿನಾಚರಣೆಗೆ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ನಿಮ್ಮ ಮಕ್ಕಳೆಲ್ಲ ಸದಸ್ಯರಾದರೆ ಪುಸ್ತಕ ಒಯ್ಯುವ ಲೆಕ್ಕ ಅಲ್ಲೇ ಸಿಗುತ್ತದೆ. ಬೇರೆ ರಿಜಿಸ್ಟರ್ ಬೇಡ.

ಗದ್ದೆಬದು
ನಮ್ಮೂರ ಲೈಬ್ರರಿ ಮಧ್ಯಾಹ್ನ ಮುಚ್ಚಿರುತ್ತದೆ, ಸಂಜೆ ತೆಗೆದರೆ ಪುಣ್ಯ. ನಿಮ್ಮಲ್ಲಿ 7ರವರೆಗೆ ತೆಗೆದಿರುತ್ತಾರಾ?

ಹೊಂಗೆನೆರಳು
ಮೇಲ್ವಿಚಾರಕರು ಒಳ್ಳೆಯವರು. ಬೀಗದ ಕೈ ನಮ್ಮ ಹುಡುಗಿಗೇ ಕೊಟ್ಟಿದ್ದಾರೆ.

ಎಂಟನೇತಿರುವು
ನಾನು ಒಂದು ಕಂಪನಿಯ ಸಿಎಸ್‌ಆರ್ ವಿಭಾಗದಲ್ಲಿದ್ದೇನೆ. ಆ ಕಡೆಯ ಮಾತನ್ನೂ ಹೇಳುತ್ತೇನೆ. 2021ರ ಜನವರಿಯಲ್ಲಿ ನಿಯಮ ಬದಲಾಯಿತು. ವರ್ಷಕ್ಕೆ ಸರಾಸರಿ 10 ಕೋಟಿ ಅಥವಾ ಹೆಚ್ಚು ಸಿಎಸ್‌ಆರ್ ಖರ್ಚು ಮಾಡಬೇಕಾದ ಕಂಪನಿ, 1 ಕೋಟಿ ಅಥವಾ ಮೇಲ್ಪಟ್ಟ ಯೋಜನೆಗಳ ಪರಿಣಾಮವನ್ನು ಹೊರಗಿನವರಿಂದ ಅಳೆಸಬೇಕು. ನಿಮ್ಮದು ಆ ಗಾತ್ರದ್ದಲ್ಲ. ಆದರೆ ದೊಡ್ಡವರಿಗೆ ಮಾಡಿದ ಫಾರಂ ಚಿಕ್ಕವರಿಗೂ ಬರುತ್ತದೆ. ಹಾಗಾಗಿ ಹೆದರಬೇಡಿ. ಇಪ್ಪತ್ತು ಸೂಚಕ (ಬದಲಾವಣೆ ಅಳೆಯುವ ಗುರುತು) ಯಾರೂ ಕೇಳಲ್ಲ. ಎರಡೋ ಮೂರೋ ಸಾಕು.

ಇನ್ನೊಂದು, ‘ನಮ್ಮಿಂದಲೇ ಆಯಿತು’ ಅಂತ ಹೇಳಿಕೊಳ್ಳಬೇಡಿ. ಮಗು ಶಾಲೆಗೂ ಹೋಗುತ್ತದೆ, ಒಂದು ವರ್ಷ ದೊಡ್ಡದೂ ಆಗುತ್ತದೆ. ನೀವು ಇಲ್ಲದಿದ್ದರೂ ಸ್ವಲ್ಪ ಕಲಿಯುತ್ತಿತ್ತು. ಅದಕ್ಕೆ ಒಂದು ಸರಳ ಉಪಾಯ ಇದೆ. ಈ ಜುಲೈನ 6ನೇ ಕ್ಲಾಸಿನವರನ್ನೂ ಮುಂದಿನ ಜುಲೈನ 6ನೇ ಕ್ಲಾಸಿನವರನ್ನೂ ಹೋಲಿಸಿ. ವಯಸ್ಸು ಒಂದೇ, ಶಾಲೆ ಒಂದೇ. ಮುಂದಿನ ವರ್ಷದವರು ನಿಮ್ಮ ಹತ್ತಿರ ಒಂದು ವರ್ಷ ಜಾಸ್ತಿ ಓದಿರುತ್ತಾರೆ. ಪಕ್ಕಾ ಪುರಾವೆ ಅಲ್ಲ, ಮಕ್ಕಳೂ ಕಮ್ಮಿ. ಆದರೂ ಏನೂ ಇಲ್ಲದ್ದಕ್ಕಿಂತ ಮೇಲು. ಫಾರಂನಲ್ಲಿ ಆ ಮಿತಿಯನ್ನೂ ಬರೆಯಿರಿ. ಪ್ರಾಮಾಣಿಕವಾಗಿ ಬರೆದವರ ಮೇಲೆ ನಮಗೆ ನಂಬಿಕೆ ಹೆಚ್ಚು.

ಬೆಲ್ಲದಚ್ಚು
ಎಲ್ಲ ಹೇಳಿದಿರಿ, ತಾಯಂದಿರನ್ನು ಕೇಳಿದಿರಾ ಅಂತ ಯಾರೂ ಕೇಳಲಿಲ್ಲ. ಮಕ್ಕಳು ಅವರವು. ಏನು ಬದಲಾದರೆ ‘ಇದು ಒಳ್ಳೆಯ ಕೆಲಸ’ ಅಂತೀರಿ ಅಂತ ಕೇಳಿ ನೋಡಿ.

ಹೊಂಗೆನೆರಳು
ಹತ್ತು ದಿನ ಆಯಿತು. ಎಲ್ಲರಿಗೂ ಕೃತಜ್ಞತೆಗಳು. ಏನಾಯಿತು ಅಂತ ಹೇಳುತ್ತೇನೆ.

ಬೆಲ್ಲದಚ್ಚು ಅಕ್ಕ ಹೇಳಿದ ಹಾಗೆ ಸ್ವಸಹಾಯ ಸಂಘದ ವಾರದ ಸಭೆಗೆ ಹೋದೆವು. 14 ಜನ ತಾಯಂದಿರು ಇದ್ದರು. ‘ಓದು ಚೆನ್ನಾಗಿ ಬರಲಿ’ ಅಂತ ಮೊದಲು ಎಲ್ಲರೂ ಒಂದೇ ಮಾತು ಹೇಳಿದರು. ‘ಓದು ಬಂತು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?’ ಅಂತ ತಿರುಗಿಸಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಶುರುವಾಯಿತು ನೋಡಿ. ಬಸ್ಸಿನ ಬೋರ್ಡು ಓದಬೇಕು ಅಂದರು ಒಬ್ಬರು. ಸಂಘದ ಪಾಸ್‌ಬುಕ್ ಓದಿ ಹೇಳಬೇಕು ಅಂದರು ಇನ್ನೊಬ್ಬರು. ಮೂಲೆಯಲ್ಲಿ ಕೂತಿದ್ದ ಒಬ್ಬ ಅಜ್ಜಿ ಸೆರಗಿನ ಗಂಟಿನಿಂದ ಮಡಚಿದ ಪಹಣಿ ತೆಗೆದು, ‘ಇದರಲ್ಲಿ ನನ್ನ ಹೆಸರು ಐತಾ ಇಲ್ವಾ ಅಂತ ನನ್ನ ಮೊಮ್ಮಗಳು ಓದಿ ಹೇಳಬೇಕು. ಬೇರೆಯವರ ಹತ್ತಿರ ಕೇಳೋಕೆ ನಂಗೆ ಇಷ್ಟ ಇಲ್ಲ’ ಅಂದರು. ಆ ಕಾಗದ ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗುವ ಹಾಗಿತ್ತು.

ಕಾರ್ಡಿನಿಂದಲೂ ಅಳೆದೆವು. 38 ಮಕ್ಕಳು ಸಿಕ್ಕರು. ಅಕ್ಷರದ ಹಂತ 6, ಪದ 9, ಪ್ಯಾರಾ 11, ಕಥೆ 12. ಎರಡು ವರ್ಷ ಓದಿಸಿದ ಮೇಲೂ 15 ಮಕ್ಕಳು ಪದ ದಾಟಿಲ್ಲ ಅಂತ ನೋಡಿ ನಮ್ಮ ಹುಡುಗಿ ಅತ್ತುಬಿಟ್ಟಳು. ನನಗೂ ಕಷ್ಟ ಆಯಿತು. ಆದರೆ ಸುಗ್ಗಿಕಾಲ ಮೇಡಂ ಹೇಳಿದ್ದು ಸರಿ. ಪದದ ಹಂತದ 9 ಜನರಲ್ಲಿ 7 ಜನಕ್ಕೆ ಒತ್ತಕ್ಷರವೇ ತೊಡಕು. ಏನು ಕಲಿಸಬೇಕು ಅಂತ ಈಗ ಗೊತ್ತು.

ಫಾರಂನಲ್ಲಿ ಮೂರೇ ಬರೆದೆ. ಒಂದು, ಅಕ್ಷರ ಮತ್ತು ಪದದ ಹಂತದ 15 ಮಕ್ಕಳಲ್ಲಿ ಪ್ರತಿಯೊಬ್ಬರೂ ಮುಂದಿನ ಮಾರ್ಚ್ ಒಳಗೆ ಕನಿಷ್ಠ ಒಂದು ಮೆಟ್ಟಿಲು, ಅವರಲ್ಲಿ 10 ಜನ ಪ್ಯಾರಾದವರೆಗೆ. ಎರಡು, ಒಂದೊಂದು ಮಗುವೂ ತಿಂಗಳಿಗೆ ತಾನೇ ಆರಿಸಿ ಒಯ್ದ ಪುಸ್ತಕ ಎಷ್ಟು, ಲೈಬ್ರರಿ ವಹಿಯಿಂದ. ಮೂರು, ತಾಯಂದಿರ ಪಟ್ಟಿ. ಬೋರ್ಡು, ಪಾಸ್‌ಬುಕ್, ಪಹಣಿ. ಕಥೆಯ ಹಂತದ ಮಕ್ಕಳು ಮನೆಯ ಒಂದು ಕಾಗದ ಓದಿ ಹೇಳಬೇಕು, ಆಯಿತೋ ಇಲ್ಲವೋ ಅಂತ ತಾಯಿಯೇ ಹೇಳುತ್ತಾರೆ.

ಎಂಟನೇತಿರುವು
ಮೂರನೆಯದು ತುಂಬ ಚೆನ್ನಾಗಿದೆ. ಇಂಥದ್ದು ನನ್ನ ಮೇಜಿಗೆ ಇದುವರೆಗೂ ಬಂದಿಲ್ಲ.

ನೇರಳೆಮರ
ಪಹಣಿ ಅಜ್ಜಿಯ ಮಾತು ಓದಿ ಕಣ್ಣು ತುಂಬಿತು. ನನ್ನ ತಕರಾರು ವಾಪಸ್ ತೆಗೆದುಕೊಂಡೆ. ಪೂರ್ತಿ ಅಲ್ಲ, ಮುಕ್ಕಾಲು.

ಲೆಕ್ಕದಮೇಷ್ಟ್ರು
ಹಾಜರಿಯನ್ನೂ ಒಂದು ಸಲ ಬಿಡಿಸಿ ನೋಡಿ. ಹುಡುಗರು ಬೇರೆ, ಹುಡುಗಿಯರು ಬೇರೆ, ತಿಂಗಳು ತಿಂಗಳಿಗೆ. ಒಟ್ಟು ಲೆಕ್ಕದಲ್ಲಿ ಎಷ್ಟೋ ಮುಚ್ಚಿಹೋಗುತ್ತದೆ.

ಹೊಂಗೆನೆರಳು
ಮೇಷ್ಟ್ರೇ, ನಿನ್ನೆ ರಾತ್ರಿ ಕೂತು ಬಿಡಿಸಿದೆ. ಕಳೆದ ಆಗಸ್ಟ್‌ನಲ್ಲಿ ದಿನಕ್ಕೆ ಸುಮಾರು 18 ಹುಡುಗಿಯರು, 15 ಹುಡುಗರು. ಡಿಸೆಂಬರ್‌ನಲ್ಲಿ ಹುಡುಗರು 14, ಹುಡುಗಿಯರು 7. ಇದು ನಮ್ಮ ಕಣ್ಣಿಗೇ ಬಿದ್ದಿರಲಿಲ್ಲ. ‘ಸುಗ್ಗಿ ಅಲ್ವಾ, ಹಾಜರಿ ಕಮ್ಮಿ’ ಅಂತ ಅಂದುಕೊಂಡಿದ್ದೆವು. ಸುಗ್ಗಿಯಾದರೆ ಹುಡುಗರೂ ಕಮ್ಮಿ ಆಗಬೇಕಿತ್ತು. ಬೆಳಿಗ್ಗೆ ಇಬ್ಬರು ಹುಡುಗಿಯರನ್ನು ಕೇಳಿದೆ. ‘ಆರು ಗಂಟೆಗೇ ಕತ್ತಲು ಅಣ್ಣ. ಹುಣಸೆಮರದಿಂದ ಈಚೆ ಲೈಟಿಲ್ಲ. ಅಮ್ಮ ಬಿಡಲ್ಲ’ ಅಂದರು. ಅಕ್ಷರದ ಹಂತದ 6 ಮಕ್ಕಳಲ್ಲಿ 5 ಜನ ಹುಡುಗಿಯರು. ಐವರೂ ಆ ಕೇರಿಯವರೇ.

ತೊಟ್ಟಿಮನೆ
ಮತ್ತೆ ಕತ್ತಲೇ. ನಮ್ಮ ಅತ್ತೆ ಕತ್ತಲಾಗಲಿ ಅಂತ ಕಾಯುತ್ತಿದ್ದರು, ಈ ಮಕ್ಕಳು ಕತ್ತಲಿಗೆ ಹೆದರಿ ಮನೆಯಲ್ಲೇ ಕೂರುತ್ತಾರೆ.

ಗದ್ದೆಬದು
ಬೀದಿ ದೀಪ ಪಂಚಾಯಿತಿ ಕೆಲಸ. ಸುಮ್ನೆ ಬಾಯಲ್ಲಿ ಹೇಳಬೇಡಿ. ಈ ಎರಡು ತಿಂಗಳ ಲೆಕ್ಕ ಒಂದು ಹಾಳೆಯಲ್ಲಿ ಬರೆದು ಅರ್ಜಿ ಜೊತೆ ಪಿಡಿಒಗೆ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಮಕ್ಕಳ ಗ್ರಾಮಸಭೆಯಲ್ಲಿ ಆ ಹುಡುಗಿಯರೇ ಎದ್ದು ಕೇಳಲಿ. ನಡಾವಳಿಯಲ್ಲಿ ಬರೆಸಿ.

ಬೆಲ್ಲದಚ್ಚು
ದೀಪ ಬರುವವರೆಗೆ ನವೆಂಬರ್‌ನಿಂದ ಟೈಮ್ ಹಿಂದಕ್ಕೆ ಹಾಕಿ. 4.45ಕ್ಕೆ ಶುರು ಮಾಡಿ ಆರರೊಳಗೆ ಬಿಟ್ಟರೆ ಆಗಲ್ವಾ? ಶಾಲೆ ಬಿಟ್ಟ ಮೇಲೆ ಮನೆಗೆ ಹೋಗಿ ಏನಾದರೂ ತಿಂದು ಬರಬಹುದು.

ಹೊಂಗೆನೆರಳು
ಆಗಬಹುದು ಅಕ್ಕ. ಆದರೆ ಆ ಕೇರಿಯ ಹುಡುಗಿಯರೇ ಸಂಜೆ ಡೈರಿಗೆ ಹಾಲು ಹಾಕಿ ಬರೋದು. ಡೈರಿ ತೆಗೆಯೋದು 5.30ಕ್ಕೆ. ಕ್ಯಾನ್ ಇಟ್ಟುಕೊಂಡೇ ಓದೋಕೆ ಬರಬಹುದಾ, ಇಲ್ಲ ಯಾರಾದರೂ ಒಬ್ಬರು ಎಲ್ಲರ ಹಾಲು ಒಯ್ಯಬಹುದಾ ಅಂತ ಮಂಗಳವಾರ ಸಂಘದ ಸಭೆಯಲ್ಲಿ ಕೇಳಿ ಬಂದು ಹೇಳುತ್ತೇನೆ.